ಜಾಣರೇ, ದುಡ್ಡು ಕಟ್ಟಿ

ಅಮೆರಿಕದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಚೆನ್ನಾಗಿ ಓದಿದರೆ ಒಂದು ಆಹ್ವಾನ ಬರುತ್ತದೆ. ನೀವು ಜಾಣರು, ನಮ್ಮ ಗೌರವ ಸಂಘಕ್ಕೆ ಬನ್ನಿ ಅಂತ. ಎಷ್ಟು ದುಡ್ಡು ಕಟ್ಟಬೇಕು ಅನ್ನೋದು ಸ್ವಲ್ಪ ಕೆಳಗಿರುತ್ತದೆ.

ಈ ಸಂಘಗಳಲ್ಲಿ ಹಿರಿಯಣ್ಣ ಟೌ ಬೀಟಾ ಪೈ. 1885ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಮೂರನೇ ವರ್ಷದವರು ತರಗತಿಯ ಮೇಲಿನ ಎಂಟನೇ ಒಂದು ಭಾಗದಲ್ಲಿರಬೇಕು. ಕೊನೇ ವರ್ಷಕ್ಕೆ ಬಂದರೆ ಐದನೇ ಒಂದು ಭಾಗ ಸಾಕು. ಒಂದು ವರ್ಷ ತಡೆದರೆ ಜಾಣತನಕ್ಕೂ ರಿಯಾಯಿತಿ! ಅಂಕದ ಜೊತೆ ನಡತೆಯನ್ನೂ ನೋಡುತ್ತಾರೆ.

ಆಮೇಲಿನದು ತಿಕ್ಕುವ ಕೆಲಸ. ಸೇತುವೆಯ ಆಧಾರ ಚೌಕಟ್ಟು ಇವರ ಲಾಂಛನ. ಹಲವು ಕಾಲೇಜುಗಳಲ್ಲಿ ಹೊಸಬರ ಕೈಗೆ ಅದರ ಒರಟು ಕಂಚಿನ ಅಚ್ಚು ಕೊಡುತ್ತಾರೆ. ಅರ ಹಾಕಿ, ಉಪ್ಪುಕಾಗದದಲ್ಲಿ ಉಜ್ಜಿ, ಗಂಟೆಗಟ್ಟಲೆ ಕೂತು ಹೊಳಪು ತರಬೇಕು. ರೋಬೋಟ್‌ಗೆ ಪ್ರೋಗ್ರಾಂ ಬರೆಯುವ ಹುಡುಗರು, ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ದೀಪದ ಕಂಬ ತಿಕ್ಕುವ ಅಜ್ಜಿಯಂತೆ ಬೆವರುತ್ತಾರೆ. ಪಾಪ, ಅಜ್ಜಿಗೆ ಮಾತ್ರ ಯಾರೂ ಸದಸ್ಯತ್ವದ ಪಿನ್ ಕೊಡಲಿಲ್ಲ.

ಕೊಡದಿದ್ದದ್ದು ಅಜ್ಜಿಗೊಬ್ಬಳಿಗೇ ಅಲ್ಲ. 1969ರವರೆಗೆ ಈ ಸಂಘದಲ್ಲಿ ಹೆಣ್ಣುಮಕ್ಕಳಿಗೆ ಸದಸ್ಯತ್ವವೇ ಇರಲಿಲ್ಲ. ಎಷ್ಟೇ ಅಂಕ ತೆಗೆದರೂ ಬೇರೆ 'ಮಹಿಳಾ ಬ್ಯಾಡ್ಜ್' ಅಷ್ಟೇ. ಬ್ಯಾಡ್ಜ್ ತಗೋ ತಾಯಿ, ಒಳಗೆ ಬರಬೇಡ. ನಡತೆ ನೋಡುತ್ತಾರೆ ಅಂದೆನಲ್ಲ, ಸಂಘದ ನಡತೆ ನೋಡೋರು ಯಾರೂ ಇರಲಿಲ್ಲ.

ಎಲೆಕ್ಟ್ರಿಕಲ್‌ನವರ ಗೌರವ ಸಂಘ ಈಟಾ ಕಪ್ಪಾ ನ್ಯೂ. ಅದರ ಲಾಂಛನದಲ್ಲಿ ವೀಟ್‌ಸ್ಟನ್ ಬ್ರಿಡ್ಜ್, ಅಂದರೆ ವಿದ್ಯುತ್ ರೋಧ ಅಳೆಯುವ ಸರ್ಕ್ಯೂಟ್ ಇದೆ. ಪಿಯುಸಿ ಲ್ಯಾಬಿನಲ್ಲಿ ಗ್ಯಾಲ್ವನೋಮೀಟರ್ ಮುಳ್ಳು ಸೊನ್ನೆಗೆ ಬರದೆ ಒದ್ದಾಡಿದ ನಮ್ಮವರು ಅದನ್ನೇ ಎದೆಗೆ ಸಿಕ್ಕಿಸಿಕೊಳ್ಳಲು ದುಡ್ಡು ಕಟ್ಟೋದು ಅಂದರೆ ತಮಾಷೆಯಲ್ವಾ?

ಓದಿನ ಸಂಘ ಬೇಡ, ಸೋದರ ಸಂಘ (ಫ್ರಟರ್ನಿಟಿ) ಸಾಕು ಅನ್ನುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಥೀಟಾ ಟೌ ಇದೆ. 2018ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯ ತನ್ನಲ್ಲಿದ್ದ ಅದರ ಶಾಖೆಯನ್ನು ಕಾಯಂ ಹೊರಹಾಕಿತು. ಜನಾಂಗ ನಿಂದನೆಯ ವಿಡಿಯೋಗಳು ಹೊರಬಿದ್ದಿದ್ದವು. ಸೋದರರ ಸಮಜಾಯಿಷಿ ಏನು ಗೊತ್ತಾ? ಅದು ವಿಡಂಬನೆಯಂತೆ. ಸ್ವಾಮಿ, ವಿಡಂಬನೆ ಬರೆಯುವ ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?

ಎಂಎಸ್ ಮಾಡಲು ಹೋದ ಮಗ ಈ ವಿಷಯ ಹೇಳಿದರೆ ದಾವಣಗೆರೆಯ ಅಮ್ಮ ಏನು ಕೇಳಬಹುದು?

"ಚೆನ್ನಾಗಿ ಓದಿದ್ದಕ್ಕೆ ಅವರೇ ದುಡ್ಡು ಕೊಡಬೇಕಲ್ವೇನೋ?"

"ರೆಸ್ಯೂಮೆಯಲ್ಲಿ ಹಾಕ್ಕೊಬಹುದಮ್ಮ, ಜಾಣ ಅಂತ."

"ಮಾರ್ಕ್ಸ್ ಕಾರ್ಡಲ್ಲಿ ಅದೇ ಇದೆಯಲ್ಲೋ?"

"ಅಮ್ಮ, ಸಿಗ್ನಲ್ ಸರಿ ಇಲ್ಲ, ಆಮೇಲೆ ಮಾಡ್ತೀನಿ."