ಕಾಸು ಮುಟ್ಟಿದರೆ ಮೈಲಿಗೆ, ಮೂಗು ಮುರಿದರೆ ಅಡ್ಡಿಯಿಲ್ಲ

ಮಡಿ ಉಟ್ಟವರನ್ನು ನೋಡಿದ್ದೀರಲ್ವಾ? ಕೈಯಿಂದ ಕೈಗೆ ಕೊಟ್ಟರೆ ಮೈಲಿಗೆ. ನೆಲದ ಮೇಲಿಟ್ಟರೆ ಎತ್ತಿಕೊಳ್ಳಬಹುದು. 120 ವರ್ಷದ ಹಿಂದೆ ಅಮೆರಿಕದ ಕಾಲೇಜುಗಳು ತಮ್ಮ ಫುಟ್‌ಬಾಲಿಗೆ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಗುದ್ದಾಡುವ ಆಟ) ಇಂಥದ್ದೇ ಒಂದು ಮಡಿ ಉಡಿಸಿದ್ದವು. ಅದಕ್ಕೆ ಅವರಿಟ್ಟ ಹೆಸರು ಅಮೆಚೂರಿಸಂ. ಹುಡುಗ ಬರೀ ಆಟದ ಪ್ರೀತಿಗೆ ಆಡಬೇಕು, ಒಂದು ಕಾಸೂ ಮುಟ್ಟಬಾರದು.

ಉಳಿದವರು ಮುಟ್ಟಬಹುದಾ? ಧಾರಾಳವಾಗಿ. 1905ರಲ್ಲಿ ಹಾರ್ವರ್ಡ್ ತನ್ನ ಹಳೆಯ ಆಟಗಾರ ಬಿಲ್ ರೀಡ್‌ನನ್ನು ಕೋಚ್ ಮಾಡಿತು. ವಯಸ್ಸು 26, ಸಂಬಳ 7,000 ಡಾಲರ್. ಅಲ್ಲಿನ ಯಾವ ಪ್ರೊಫೆಸರ್‌ಗೂ ಅಷ್ಟು ಬರುತ್ತಿರಲಿಲ್ಲ. ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಸಂಬಳವೂ ಇದಕ್ಕಿಂತ ತುಂಬಾ ಜಾಸ್ತಿಯೇನಿರಲಿಲ್ಲ. ಪಾಪ, ಎಲಿಯಟ್‌ಗೆ ಫುಟ್‌ಬಾಲ್ ಕಂಡರೇ ಆಗುತ್ತಿರಲಿಲ್ಲ.

ಆದರೆ ಮಡಿಯ ನಿಜವಾದ ಕೌಶಲ ನೋಡಬೇಕೆಂದರೆ ಯೇಲ್‌ಗೆ ಹೋಗಬೇಕು. 1904ರ ಕ್ಯಾಪ್ಟನ್ ಜೇಮ್ಸ್ ಹೋಗನ್‌ಗೆ ಆಗ 27 ವರ್ಷ, ಇನ್ನೂ ವಿದ್ಯಾರ್ಥಿ. ಅವನ ಕೈಗೆ ಯಾರೂ ಸಂಬಳ ಕೊಡಲಿಲ್ಲ, ದೇವರಾಣೆಗೂ. ಫೀಸು ಮಾಫಿ, ಊಟ ಬಿಟ್ಟಿ, ಸೀಸನ್ ಮುಗಿದ ಮೇಲೆ ಕ್ಯೂಬಾ ಪ್ರವಾಸ, ಇಷ್ಟೇ. ಹಾಂ, ಇನ್ನೊಂದಿದೆ. ಊರಲ್ಲಿ ಮಾರಾಟವಾಗುವ ಅಮೆರಿಕನ್ ಟೊಬ್ಯಾಕೊ ಕಂಪನಿಯ ಸಿಗರೇಟಿಗೆ ಕಮಿಷನ್. ಸಹಪಾಠಿಗಳು ದಮ್ಮು ಎಳೆದಷ್ಟೂ ಕ್ಯಾಪ್ಟನ್ ಜೇಬು ತುಂಬುತ್ತಿತ್ತು. ಆಟದಿಂದ ಆರೋಗ್ಯ ಅಂತಾರಲ್ಲ, ಅದು ಇದೇ ಇರಬೇಕು.

ಫೀಲ್ಡಿಂಗ್ ಯೋಸ್ಟ್ ಕಥೆ ಸ್ವಲ್ಪ ಹಿಂದಿನದು, 1896ರದು, ಆದರೂ ಬಿಡೋಕೆ ಮನಸ್ಸಿಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಕಾನೂನು ಓದುತ್ತಿದ್ದವನು ಇದ್ದಕ್ಕಿದ್ದಂತೆ ಲಫಾಯೆಟ್ ಕಾಲೇಜು ಸೇರಿ, ಸತತ 36 ಪಂದ್ಯ ಗೆದ್ದು ಬೀಗುತ್ತಿದ್ದ ಪೆನ್ಸಿಲ್ವೇನಿಯಾ ತಂಡವನ್ನು ಸೋಲಿಸಲು ಕೈಜೋಡಿಸಿ, ಬಾಡಿಗೆ ಸೈಕಲ್ ವಾಪಸು ಕೊಟ್ಟ ಹಾಗೆ ಅಂಗಿ ಕಳಚಿಟ್ಟು ತನ್ನ ಹಳೇ ಕಾಲೇಜಿಗೇ ಮರಳಿದ. ಇಂಥವರನ್ನು ಟ್ರಾಂಪ್ ಅಥ್ಲೀಟ್, ಅಂದರೆ ಅಲೆಮಾರಿ ಆಟಗಾರ ಅನ್ನುತ್ತಿದ್ದರು. ಈ ಅಲೆಮಾರಿ ಮುಂದೆ ಮಿಶಿಗನ್‌ನ ದೊಡ್ಡ ಕೋಚ್ ಆದ.

ಇನ್ನು ಮೈದಾನದ ಕಥೆ. 1905ರ ಸೀಸನ್ನಿನಲ್ಲಿ ಪತ್ರಿಕೆಗಳ ಲೆಕ್ಕಕ್ಕೆ ಸಿಕ್ಕ ಸಾವು 18 ಅಥವಾ 19, ಹೆಚ್ಚಿನವರು ಶಾಲಾ ಹುಡುಗರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅಕ್ಟೋಬರ್ 9ರಂದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿದರು. ಇನ್ನು ಮೇಲೆ ಸಭ್ಯವಾಗಿ ಆಡುತ್ತೇವೆ ಅಂತ ಎಲ್ಲರೂ ಮಾತು ಕೊಟ್ಟರು. ಮುಂದಿನ ತಿಂಗಳೇ ಯೇಲ್ ವಿರುದ್ಧ ಆಡುವಾಗ ಅಧ್ಯಕ್ಷರ ಮಗನ ಮೂಗು ಮುರಿಯಿತು. ಕೊಲಂಬಿಯಾ ಆಟವನ್ನೇ ಕೈಬಿಟ್ಟಿತು. ಉಳಿದವರು 1906ರಲ್ಲಿ ನಿಯಮ ತಿದ್ದಿದರು, ಗುದ್ದಾಟ ಕಮ್ಮಿಯಾಗಲಿ ಅಂತ ಚೆಂಡನ್ನು ಮುಂದಕ್ಕೆ ಎಸೆಯಲು ಬಿಟ್ಟರು. ಹೆಣ ಬಿದ್ದದ್ದಕ್ಕೆ ತಿದ್ದುಪಡಿ ಸಾಕಾಯಿತು. ಕಾಸು ಮುಟ್ಟಿದವನಿಗೆ ಮಾತ್ರ ಬಹಿಷ್ಕಾರ.

ಜಿಮ್ ಥಾರ್ಪ್ ಕಾರ್ಲೈಲ್‌ನ ಇಂಡಿಯನ್ ಶಾಲೆಯ ಹುಡುಗ. ಅಂದರೆ ಅಮೆರಿಕದ ಮೂಲನಿವಾಸಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ. ಒಲಿಂಪಿಕ್ಸ್‌ಗೂ ಆಗ ಇದೇ ಮಡಿ ಇತ್ತು. ಮರುವರ್ಷ ಗುಟ್ಟು ರಟ್ಟಾಯಿತು. 1909 ಮತ್ತು 1910ರ ಬೇಸಿಗೆಯಲ್ಲಿ ನಾರ್ತ್ ಕೆರೊಲಿನಾದಲ್ಲಿ ಪುಡಿಗಾಸಿಗೆ ಬೇಸ್‌ಬಾಲ್ ಆಡಿದ್ದನಂತೆ. ಬೇಸಿಗೆಯಲ್ಲಿ ಆಡುತ್ತಿದ್ದ ಕಾಲೇಜು ಹುಡುಗರು ಬೇಕಾದಷ್ಟಿದ್ದರು, ಆದರೆ ಜಾಣರು ಸುಳ್ಳು ಹೆಸರು ಕೊಡುತ್ತಿದ್ದರು. ಇವನು ಸ್ವಂತ ಹೆಸರಲ್ಲೇ ಆಡಿದ್ದ. ಅದೇ ತಪ್ಪು. ಆಕ್ಷೇಪಣೆಗೆ ಇದ್ದ 30 ದಿನದ ಗಡುವು ಎಂದೋ ಮುಗಿದಿದ್ದರೂ ಎರಡು ಪದಕವೂ ಹೋದವು. ಅವನ ಕೋಚ್ ಪಾಪ್ ವಾರ್ನರ್ ನನಗೇನೂ ಗೊತ್ತೇ ಇರಲಿಲ್ಲ ಎಂದು ಕೈ ತೊಳೆದುಕೊಂಡ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅಂತಾರೆ. ಹೋಗನ್‌ಗೆ ಸಿಗರೇಟಿನಲ್ಲಿ ಹೋಗದ ಮಾನ ಇವನಿಗೆ ಪುಡಿಗಾಸಿನಲ್ಲಿ ಹೋಯಿತು. 1929ರಲ್ಲಿ ಕಾರ್ನೆಗಿ ಫೌಂಡೇಶನ್ 112 ಕಾಲೇಜುಗಳನ್ನು ಜಾಲಾಡಿದಾಗ 81ರಲ್ಲಿ ಆಟಗಾರರಿಗೆ ಒಂದಲ್ಲ ಒಂದು ರೀತಿ ದುಡ್ಡು ಸಿಗುತ್ತಿತ್ತು. ಅವರ ಪದಕ ಕೇಳಿದವರು ಯಾರೂ ಇಲ್ಲ.

ಥಾರ್ಪ್ 1953ರಲ್ಲಿ ತೀರಿಕೊಂಡ. ಒಲಿಂಪಿಕ್ ಸಮಿತಿ ಮನಸ್ಸು ಬದಲಿಸಿದ್ದು 1982ರಲ್ಲಿ. ಮರುವರ್ಷ ಅವನ ಮಕ್ಕಳನ್ನು ಕರೆದು ಪದಕ ಕೈಗಿಟ್ಟರು, ಎರಡೂ ನಕಲು.