ತಿಂಗಳಿಗೆ ಮೂರು ಚೀಲ ಕಾಫಿ

ಮಗಳು ಬೆಂಗಳೂರಿನಲ್ಲಿ ಎರಡು ವರ್ಷ ಪಿಜಿ ಊಟ ಮಾಡಿ, ಒಂದು ದಿನ ಫೋನಿನಲ್ಲಿ ಹೇಳಿದಳು: “ಅಪ್ಪಾ, ಇನ್ನು ಆಗಲ್ಲ. ನಾನೂ ನನ್ನ ಫ್ರೆಂಡೂ ಸೇರಿ ಮನೆ ಮಾಡ್ತೀವಿ.” ಆಫೀಸು ಎಂ.ಜಿ. ರಸ್ತೆಯಲ್ಲಿ. ಹಾಗಾಗಿ ಮನೆ ಊರ ನಡುವೆಯೇ ಬೇಕಂತೆ. ಬಾಡಿಗೆ ಎಷ್ಟಾಗಬಹುದು ಅಂತ ಕೇಳಿದೆ. ಹೇಳಿದಳು.

ಕಾಫಿ ಬೆಳೆಯುವವನಿಗೆ ರೂಪಾಯಿ ಸರಿಯಾಗಿ ಅರ್ಥವಾಗುವುದು ಅದನ್ನು ಚೀಲದ ಲೆಕ್ಕಕ್ಕೆ ತಂದ ಮೇಲೆಯೇ. ಅವತ್ತಿನ ರೇಟಿಗೆ ತಿಂಗಳಿಗೆ ಮೂರು ಚೀಲ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ ಮೂವತ್ತು ಚೀಲ. ನಮ್ಮದು ನಾಲ್ಕು ಎಕರೆ ರೋಬಸ್ಟಾ. ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಅರ್ಧ ಫ್ರೆಂಡ್ ಕೊಡ್ತಾಳೆ ಅಪ್ಪಾ” ಅಂದ ಮೇಲೆ ಉಸಿರು ಬಂತು.

ಮೊದಲು ವಿಡಿಯೋ ಕಾಲಿನಲ್ಲಿ ಮನೆ ನೋಡುವುದು ಅಂತಾಯಿತು. ಕೊಡಗಿನ ಸುಂಟಿಕೊಪ್ಪದಿಂದ ಒಳಗಿರುವ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಕಡೆ, ಕಣದ ಮೂಲೆಯ ಹಲಸಿನ ಮರದ ಪಕ್ಕ. ಫೆಬ್ರವರಿ ತಿಂಗಳು, ಕಣದ ತುಂಬ ಚೆರಿ ಹರಡಿತ್ತು. ಅಮ್ಮನಿಗೆ ಅಲ್ಲೇ ಒಂದು ಕುರ್ಚಿ ಹಾಕಿದೆವು. ಕುರ್ಚಿಯ ಮೂರು ಕಾಲು ಸಿಮೆಂಟಿನ ಮೇಲೆ, ಒಂದು ಕಾಲು ಕಾಫಿಯ ಮೇಲೆ. ಹಾಗಾಗಿ ಬೆಂಗಳೂರಿನ ಮನೆಗಳನ್ನೆಲ್ಲ ಅಮ್ಮ ಸ್ವಲ್ಪ ಎಡಕ್ಕೆ ವಾಲಿಕೊಂಡೇ ನೋಡಿದರು.

ಮೊದಲನೇ ಮನೆಯಲ್ಲೇ ಚಿತ್ರ ನಿಂತುಬಿಟ್ಟಿತು. ಪರದೆ ಮೇಲೆ ಫಳಫಳ ಹೊಳೆಯುವ ಒಂದು ಪುಟ್ಟ ಕೋಣೆ.

“ಚಿಕ್ಕದಾದ್ರೂ ದೇವರ ಕೋಣೆ ಚೆನ್ನಾಗಿದೆ. ಸ್ಟೀಲಿಂದು ಮಾಡಿಸಿದ್ದಾರೆ, ಒರೆಸೋಕೆ ಸುಲಭ” ಅಂದರು ಅಮ್ಮ. ಹೆಂಡತಿಯೂ ಹೌದು ಅಂದಳು. ನೆಟ್‌ವರ್ಕ್ ಮತ್ತೆ ಬಂತು. ಕೋಣೆಯ ಬಾಗಿಲು ಎರಡೂ ಕಡೆಯಿಂದ ತಾನೇ ಮುಚ್ಚಿಕೊಂಡಿತು. ಅಮ್ಮ ಬೆಚ್ಚಿಬಿದ್ದು ಕೈ ಮುಗಿದರು.

“ಅಜ್ಜೀ, ಅದು ಲಿಫ್ಟು!”

ಮೂರನೇ ಮನೆ ಹೊತ್ತಿಗೆ ಪಕ್ಕದ ತೋಟದಿಂದ ಕೂಗು ಬಂತು: ಆನೆ ಇಳಿದಿದೆ. ನಾವೆಲ್ಲ ಒಳಗೆ ಓಡಿದೆವು. ಫೋನು ಕುರ್ಚಿ ಮೇಲೇ ಉಳಿಯಿತು. ಪಾಪ, ಮಗಳು ಹತ್ತು ನಿಮಿಷ ಅಡುಗೆಮನೆ, ಸಿಂಕು, ಗ್ಯಾಸ್ ಇಡುವ ಜಾಗವನ್ನೆಲ್ಲ ನಮ್ಮ ಹಲಸಿನ ಮರಕ್ಕೆ ತೋರಿಸಿದ್ದಾಳೆ. ಆನೆ ನಮ್ಮ ಕಡೆ ಬರಲಿಲ್ಲ. ಮಗಳಿಗೆ ಬಂದ ಸಿಟ್ಟು ಮಾತ್ರ ಎರಡು ದಿನ ಇಳಿಯಲಿಲ್ಲ.

ಹೀಗಾಗಿ ನಾನೂ ಹೆಂಡತಿಯೂ ಬಸ್ಸು ಹತ್ತಿದೆವು. ಹೊರಡುವಾಗ ಅಮ್ಮ ತಮ್ಮ ತೀರ್ಮಾನ ಹೇಳಿ ಕಳಿಸಿದರು: “ತಿಮ್ಮಯ್ಯನವರ ರಸ್ತೇಲೇ ನೋಡಿ. ಇಲ್ಲದಿದ್ರೆ ಕಾರ್ಯಪ್ಪನವರ ರಸ್ತೆ. ನಮ್ಮೂರಿನವರ ಹೆಸರಿರೋ ಕಡೆ ಹುಡುಗಿ ಇದ್ರೆ ನನಗೂ ಧೈರ್ಯ.” ಇದನ್ನು ಅವರ ತಲೆಗೆ ತುಂಬಿದವನು ನಾನೇ. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿದೆ, ರೆಸಿಡೆನ್ಸಿ ರಸ್ತೆಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿದೆ ಅಂತ ಜಗಲಿಯಲ್ಲಿ ಕೂತು ಎದೆಯುಬ್ಬಿಸಿ ಹೇಳಿದ್ದೆ.

ಆಟೋದವನ ಹತ್ತಿರವೂ ಅದೇ ಠೀವಿಯಲ್ಲಿ “ಜನರಲ್ ತಿಮ್ಮಯ್ಯ ರಸ್ತೆ” ಅಂದೆ.

“ಅದೆಲ್ಲಿ ಬರುತ್ತೆ ಸಾರ್?”

ಗೊತ್ತಿಲ್ಲದಿದ್ದರೆ ಕೇಳಿಕೊಂಡು ಹೋಗಲಿ, ಮಡಿಕೇರಿಯಲ್ಲಿ ಪ್ರತಿಮೆ ಇರುವ ಮನುಷ್ಯನನ್ನು ನಾನು ಬ್ರಿಟಿಷರ ಹೆಸರಿನಿಂದ ಕರೆಯುವುದಿಲ್ಲ ಅಂತ ನನ್ನ ಹಟ. ಅವನು ಇನ್ನೊಬ್ಬ ಆಟೋದವನನ್ನು ಕೇಳಿದ. ಅವನು ಪಾನ್ ಅಂಗಡಿಯವನನ್ನು ಕೇಳಿದ. ಪಾನ್ ಅಂಗಡಿಯವನು ಕೈ ತೋರಿಸಿದ ದಿಕ್ಕಿನಲ್ಲಿ ಹೋಗಿ, ಒನ್ ವೇಗಳಲ್ಲಿ ಸುತ್ತಿ, ಕಬ್ಬನ್ ಪಾರ್ಕನ್ನು ಎರಡು ಸಲ ನೋಡಿದೆವು. ಕೊನೆಗೆ ಮಗಳು ಫೋನಿನಲ್ಲಿ “ಅಣ್ಣಾ, ರಿಚ್ಮಂಡ್ ರೋಡ್” ಅಂದಳು. ಅವನು ನನ್ನ ಕಡೆ ತಿರುಗಿ, “ಹಂಗ್ ಹೇಳ್ಬಾರ್ದಾ ಸಾರ್!” ಅಂದ. ಇಬ್ಬರು ಸೇನಾ ಮುಖ್ಯಸ್ಥರನ್ನು ಜೊತೆಗಿಟ್ಟುಕೊಂಡೂ ದಾರಿ ತಪ್ಪಿದವರು ನೀವೊಬ್ಬರೇ ಇರಬೇಕು ಅಂತ ಹೆಂಡತಿ.

ಆ ಮನೆ ಚೆನ್ನಾಗಿತ್ತು, ಆಫೀಸಿಗೂ ಹತ್ತಿರ. ಆದರೆ ಬಾಡಿಗೆ ಐದು ಚೀಲ. ವಂದಿಸಿ ಹೊರಬಂದೆವು.

ಆಮೇಲೆ ವಸಂತನಗರ. ಈ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. ಅಲ್ಲಿ ಕೊಡವ ಸಮಾಜ ಇದೆ, ಪರಿಚಯದವರ ಮದುವೆಗೆ ಹೋಗಿ ಉಂಡು ಬಂದಿದ್ದೇವೆ. ನೋಡಿದ ಫ್ಲ್ಯಾಟು ರೈಲು ಹಳಿಯ ಪಕ್ಕ, ಕಂಟೋನ್ಮೆಂಟ್ ಸ್ಟೇಷನ್ ಹತ್ತಿರ. ಕೊಡಗಿಗೆ ಇವತ್ತಿಗೂ ರೈಲಿಲ್ಲ. ರೈಲು ಕಂಡರೆ ನನಗೆ ಈ ವಯಸ್ಸಿನಲ್ಲೂ ಏನೋ ಆಗುತ್ತದೆ. ಬ್ರೋಕರ್ ಬಾತ್‌ರೂಮಿನ ಗೀಸರ್ ತೋರಿಸುತ್ತಿದ್ದರೆ ನಾನು ಕಿಟಕಿಯಲ್ಲಿ ನಿಂತು ಡಬ್ಬಿ ಎಣಿಸುತ್ತಿದ್ದೆ. ಹದಿನೆಂಟು ಆಗಿತ್ತು, ಅಷ್ಟರಲ್ಲಿ ಮಗಳು “ಅಪ್ಪಾ, ಮನೆ ನೋಡಿ” ಅಂದಳು, ಲೆಕ್ಕ ತಪ್ಪಿತು. ಕಿಟಕಿ ಗಾಜು ಗಡಗಡ ಅನ್ನುತ್ತಿತ್ತು. ಇಲ್ಲಿ ನಿದ್ದೆ ಬರಲ್ಲ ಅಂತ ಹೆಂಗಸರಿಬ್ಬರೂ ನಿರ್ಧಾರ ಮಾಡಿದರು. ಆ ಮನೆ ಬಗ್ಗೆ ನನಗೆ ಇವತ್ತಿಗೂ ಆಸೆ ಇದೆ.

ಬಸವನಗುಡಿ ಮನೆ ವಿಷಯ ಜಾಸ್ತಿ ಹೇಳುವಂಥದ್ದಲ್ಲ. ಯಜಮಾನರು ನಗುನಗುತ್ತಾ “ಯಾವ ಊರು?” ಅಂದರು. ಕೊಡಗು ಅಂದೆ. ನಗು ಅರ್ಧಕ್ಕೆ ನಿಂತಿತು. “ನೀವು ವೆಜ್ಜಾ?” ಅಂದರು. ಮಗಳಿಗೆಂದು ತಂದಿದ್ದ ಹಂದಿ ಮಾಂಸದ ಉಪ್ಪಿನಕಾಯಿ ಬಾಟಲಿ ಹೆಂಡತಿಯ ಚೀಲದಲ್ಲಿತ್ತು. ಅವಳು ಚೀಲವನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡಳು. ಬೇರೆ ಉತ್ತರ ಬೇಕಾಗಲಿಲ್ಲ.

ಕೊನೆಗೆ ಮಲ್ಲೇಶ್ವರ. ಇದೂ ಬಸವನಗುಡಿಯೂ 1898ರ ಪ್ಲೇಗಿನ ಕಾಲದಲ್ಲಿ, ಜನ ಹಳೇ ಪೇಟೆ ಬಿಟ್ಟು ಬರಲಿ ಅಂತ ಬೆಳೆದ ಬಡಾವಣೆಗಳು. ನಮ್ಮ ಹುಡುಗಿ ಪಿಜಿ ಬಿಟ್ಟು ಬರುತ್ತಿದ್ದಾಳೆ, ಅಷ್ಟೇ ವ್ಯತ್ಯಾಸ. ಸಂಪಿಗೆ ರಸ್ತೆಯ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಗೆರೆಯಿಂದ ನೇರಳೆ ಗೆರೆಗೆ ಬದಲಾಯಿಸಿದರೆ ಎಂ.ಜಿ. ರಸ್ತೆ. ಮನೆಯೊಡತಿ ವಯಸ್ಸಾದವರು. ನೀವು ಏನು ತಿಂತೀರಿ ಅಂತ ಕೇಳಲೇ ಇಲ್ಲ. ಬಾಡಿಗೆ ಮೂರೇ ಚೀಲ.

ನೀರು ಹೇಗೆ ಅಂತ ಕೇಳಿದೆ. “ಕಾವೇರಿ ದಿನ ಬಿಟ್ಟು ದಿನ ಬರುತ್ತೆ. ಉಳಿದಿದ್ದಕ್ಕೆ ಬೋರಿದೆ” ಅಂದರು, ತುಂಬಾ ಹೆಮ್ಮೆಯಿಂದ. ಊರಿನಲ್ಲಿ ಅಮ್ಮ ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದರು.

“ನಾವು ಕಾವೇರಿ ತವರಿನವರು ಅಂತ ಹೇಳೋ. ಬಾಡಿಗೆ ಕಡಿಮೆ ಮಾಡ್ತಾರೆ.”

ಸ್ಪೀಕರ್ ಆನ್ ಇತ್ತು. ಮನೆಯೊಡತಿ ಜೋರಾಗಿ ನಕ್ಕರು. “ತಲಕಾವೇರಿಯಿಂದ ನಿಮಗೆ ಸುಮ್ನೆ ಹರಿದು ಬರುತ್ತಮ್ಮಾ. ನಮಗೆ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪ್ ಮಾಡಿ ತರಬೇಕು. ಆ ಬಿಲ್ಲು ಯಾರು ಕಟ್ಟೋದು?” ಬಾಡಿಗೆ ಒಂದು ರೂಪಾಯಿ ಇಳಿಯಲಿಲ್ಲ. ಕಾಫಿ ಕೊಟ್ಟರು. ಚಿಕೋರಿ ಜಾಸ್ತಿಯಾಗಿತ್ತು. ಅಷ್ಟು ಒಳ್ಳೆಯವರ ಮುಂದೆ ಅದನ್ನು ಹೇಳುವುದು ಸರಿಯಲ್ಲ ಅಂತ ಕುಡಿದೆ.

ಮಾರ್ಚ್ ಮೊದಲ ವಾರ ಸಾಮಾನು ಸಾಗಿಸಲು ನಾನೊಬ್ಬನೇ ಹೋದೆ. ಊರು ಬಿಡುವ ಮನಸ್ಸೇ ಇರಲಿಲ್ಲ. ಹೂಮಳೆಗೆ ಎಲ್ಲರೂ ಆಕಾಶ ನೋಡುವ ಕಾಲ ಅದು. ಹೊತ್ತಿಗೆ ಸರಿಯಾಗಿ ಒಂದು ಇಂಚು, ಅಂದರೆ ನಮ್ಮ ಲೆಕ್ಕದಲ್ಲಿ ನೂರು ಸೆಂಟ್, ಬಿದ್ದರೆ ಕಾಫಿ ಹೂ ಅರಳುತ್ತದೆ, ಇಲ್ಲದಿದ್ದರೆ ಸ್ಪ್ರಿಂಕ್ಲರ್, ಡೀಸೆಲ್, ಸಾಲ. ಹಾಗಾಗಿ ಗೃಹಪ್ರವೇಶದ ಉಡುಗೊರೆ ಅಂತ ಮನೆಯಲ್ಲಿದ್ದ, ಮಳೆ ಅಳೆಯುವ ಎರಡನೇ ರೈನ್ ಗೇಜ್ ತೆಗೆದುಕೊಂಡು ಹೋದೆ. ಅದನ್ನು ನೋಡಿದಾಗ ಮಗಳ ಮುಖ ಹೇಗಾಯಿತು ಅಂತ ಹೇಳುವುದು ಬೇಡ. ಬಾಲ್ಕನಿ ಕಂಬಿಗೆ ತಂತಿಯಲ್ಲಿ ಕಟ್ಟಿದೆ.

ಬೆಳಿಗ್ಗೆ ಎದ್ದು ನೋಡಿದರೆ ಹದಿನೈದು ಸೆಂಟ್! ರಾತ್ರಿ ನನಗೆ ಗೊತ್ತೇ ಆಗದೆ ಮಳೆ ಬಂದಿದೆ. ಬೆಂಗಳೂರಿಗೇ ಬಂದಿದೆ ಅಂದ ಮೇಲೆ ನಮ್ಮ ಕಡೆ ಕನಿಷ್ಠ ಎಪ್ಪತ್ತು ಎಂಬತ್ತು ಸೆಂಟಾದರೂ ಬಿದ್ದಿರಬೇಕು. ಬೆಳೆಗಾರರ ವಾಟ್ಸಾಪ್ ಗುಂಪಿಗೆ “ಮಲ್ಲೇಶ್ವರ 15 ಸೆಂಟ್” ಅಂತ ಹಾಕಿದೆ. ಅಲ್ಲಿ ಗಲಾಟೆಯೇ ಶುರುವಾಯಿತು. ಸಿದ್ದಾಪುರದವರು ಒಂದು ಹನಿಯೂ ಇಲ್ಲ ಅಂದರು. ಮಾದಾಪುರದವರು ಇಲ್ಲ. ನಾಪೋಕ್ಲಿನವರಂತೂ ಮೋಡವೇ ಇಲ್ಲ ಅಂತ ಫೋಟೋ ಹಾಕಿದರು. ನಾನು ಗೇಜನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆ. ನೀರು ಸ್ವಲ್ಪ ಕೆಂಪಗಿತ್ತು.

ಅಷ್ಟರಲ್ಲಿ ನನ್ನ ನೆತ್ತಿ ಮೇಲೆ ಮತ್ತೆ ಎರಡು ಸೆಂಟ್ ಬಿತ್ತು. ತಲೆಯೆತ್ತಿದೆ. ಮೇಲಿನ ಮನೆಯವರು ಮಗ್ಗು ಹಿಡಿದು ಸಾಲಾಗಿಟ್ಟ ದಾಸವಾಳದ ಕುಂಡಗಳಿಗೆ ನೀರು ಹಾಕುತ್ತಿದ್ದರು.

ಗುಂಪಿಗೆ ಏನೂ ಬರೆಯದೆ ಮನೆಗೆ ಫೋನ್ ಮಾಡಿದೆ. ಅಮ್ಮ ತೆಗೆದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಣದ ಮೂಲೆಯಲ್ಲಿ ನೆಟ್‌ವರ್ಕ್ ಅವತ್ತು ಚೆನ್ನಾಗಿಯೇ ಇತ್ತು. ಆದರೂ ಸ್ವಲ್ಪ ಹೊತ್ತು ಮಾತಿಲ್ಲ.

“ದಾಸವಾಳಕ್ಕೆ ಹಾಕಿದ್ದಾ? ಹಾಗಾದ್ರೆ ಹೂಮಳೆಯೇ ಆಯ್ತಲ್ಲೋ” ಅಂದರು ಅಮ್ಮ. “ಬುಕ್ಕಲ್ಲಿ ಬರ್ಕೊ.”