ಸತ್ಯಾಂಶ: ಸೂಜಿ ಚುಚ್ಚಿದರೆ ಗಂಟು ಕ್ಯಾನ್ಸರ್ ಆಗುತ್ತಾ?

"ಕಿವಿ ಕೆಳಗಿನ ಗಂಟಿಗೆ ಸೂಜಿ ತಾಗಿಸಬೇಡಿ, ಕ್ಯಾನ್ಸರ್ ಆಗುತ್ತೆ." ಕಲಬುರಗಿಯ ನಮ್ಮ ಓಣಿ ಗ್ರೂಪಿಗೂ ಈ ಫಾರ್ವರ್ಡ್ ಬಂತು. ಕೆಳಗೇ ಒಬ್ಬರು ಸುಣ್ಣ-ಬೆಲ್ಲ ಹಚ್ಚಿ ಎಂದಿದ್ದರು.

ಇದು ಸುಳ್ಳು. ಗಂಟಿಗೆ ಸೂಜಿ ಹಾಕಿ ನೋಡುವ ಎಫ್‌ಎನ್‌ಎಸಿ ಪರೀಕ್ಷೆಯ ಸೂಜಿ ತೀರಾ ಸಣ್ಣದು. ಒಂಚೂರು ಜೀವಕೋಶ ಎಳೆದು ಗಾಜಿನ ಸ್ಲೈಡ್ ಮೇಲೆ ಸವರುತ್ತಾರೆ, ಅಷ್ಟೇ. ಅದರಿಂದ ಸಾದಾ ಗಂಟು ಕ್ಯಾನ್ಸರ್ ಆಗಲ್ಲ. ಆದರೆ ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಕಿವಿ ಹತ್ತಿರ ಜೊಲ್ಲು ಗ್ರಂಥಿ ಇದೆ, ಅದರಲ್ಲಿ ಜಾಸ್ತಿ ಕಾಣುವುದು ಪ್ಲಿಯೊಮಾರ್ಫಿಕ್ ಅಡಿನೋಮಾ ಎಂಬ, ಕ್ಯಾನ್ಸರ್ ಅಲ್ಲದ ಗಂಟು. ಅದನ್ನು ಕೊಯ್ದು ತುಣುಕು ತೆಗೆದರೆ ಮೇಲಿನ ಪೊರೆ ಒಡೆದು ಮತ್ತೆ ಬೆಳೆಯಬಹುದು. ವೈದ್ಯರು ಸೂಜಿಯನ್ನೇ ನೆಚ್ಚುವುದು ಅದಕ್ಕೇ!

ಕಿವಿ ಮುಂದಿನ ಈ ಜೊಲ್ಲು ಗ್ರಂಥಿಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ತೊಡಕು ಬೇರೆಯೇ ಇದೆ. ವಿಧಗಳು 30ಕ್ಕೂ ಹೆಚ್ಚು, ಒಂದೇ ಗಂಟಿನ ಎರಡು ಮೂಲೆ ಬೇರೆ ಬೇರೆ ತರಹ ಕಾಣಬಹುದು. ಹಾಗಾಗಿ 2018ರಲ್ಲಿ ಬಂದ ಮಿಲಾನ್ ಪದ್ಧತಿಯಲ್ಲಿ ಸೂಜಿ ವರದಿಗೆ 6 ವರ್ಗಗಳಿವೆ. "ಇನ್ನೂ ಖಚಿತವಿಲ್ಲ" ಎನ್ನುವಂಥದ್ದೂ ಅದರಲ್ಲಿ ಒಂದು. ಹಾಗೆ ಬರೆದರೆ ಲ್ಯಾಬ್‌ನವರಿಗೆ ಕೆಲಸ ಬರಲ್ಲ ಅಂತಲ್ಲ. ಎಷ್ಟೋ ಸಲ ಪಕ್ಕಾ ಹೆಸರು ಸಿಗುವುದು ಆಪರೇಷನ್ ಆಗಿ ಪೂರ್ತಿ ಗಂಟು ನೋಡಿದ ಮೇಲೆಯೇ.

ಗಂಟಿನ ಜೊತೆ ಮುಖ ಒಂದು ಕಡೆ ಸೊಟ್ಟಗಾದರಂತೂ ಸುಣ್ಣ ಒಣಗುವವರೆಗೂ ಕಾಯಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ.